ನಾಲ್ಕನೆಯ ಜ್ವರ

“ಬುದ್ಧಿ, ಬೆಳೆದ ಮಕ್ಕಳಿಗೆ ಎಷ್ಟು ನಿದ್ದೆ ಸಾಕು?”

ಹೀಗೆ ಕೇಳಿದವನು ಗುರುಮಲ್ಲಯ್ಯ. ಮಠದ ಶಾಲೆಯಲ್ಲಿ ಮೇಷ್ಟ್ರು, ಗುರುಗಳ ಹಳೆಯ ಶಿಷ್ಯ. ಅವನ ಮಗನಿಗೆ ಹದಿಮೂರು ತುಂಬಿತ್ತು. ಹೋದ ವರ್ಷದವರೆಗೆ ಚುರುಕಾಗಿದ್ದ ಹುಡುಗ ಈ ವರ್ಷ ಮಂಕಾಗಿದ್ದ. ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಕೂರಿಸಿದರೆ ಪುಸ್ತಕದ ಮೇಲೇ ತೂಕಡಿಸುತ್ತಿದ್ದ. ಹಾಗಾದರೆ ಮೂರೂವರೆಗೇ ಎಬ್ಬಿಸಿಬಿಡೋಣ ಎಂದು ತಂದೆ ನಿಶ್ಚಯಿಸಿದ್ದ. ಅದಕ್ಕೆ ಹೆಂಡತಿ ಒಪ್ಪಿರಲಿಲ್ಲ. ಗುರುಗಳ ಬಾಯಿಂದ ಒಂದು ಮಾತು ಬಂದರೆ ಅವಳು ಸುಮ್ಮನಾಗುತ್ತಾಳೆ ಎಂದು ಅವನು ಮಠದವರೆಗೆ ನಡೆದು ಬಂದಿದ್ದ.

ಗುರುಗಳು ಅವನನ್ನೇ ಕೇಳಿದರು. “ನಿನ್ನ ಪ್ರಕಾರ ಎಷ್ಟು ಸಾಕು?”

“ಎಳೆಗೂಸು ದಿನವೆಲ್ಲ ಮಲಗುತ್ತದೆ. ಐದು ವರ್ಷದ ಮಗು ಅದಕ್ಕಿಂತ ಕಡಿಮೆ. ಬೆಳೆದ ಹಾಗೆಲ್ಲ ನಿದ್ದೆ ಇಳಿಯುತ್ತಾ ಬರಬೇಕಲ್ಲವೇ ಬುದ್ಧಿ? ಇವನದು ಇಳಿಯುವುದೇ ಇಲ್ಲ. ಎಬ್ಬಿಸಿದರೆ ಎದ್ದ ಹಾಗೆ ಮಾಡುತ್ತಾನೆ, ಅಷ್ಟೆ.”

“ಕೂತುಕೋ,” ಎಂದರು ಗುರುಗಳು. ಗುರುಮಲ್ಲಯ್ಯ ಕೂತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೇಷ್ಮೆ ಬೆಳೆಗಾರನಿದ್ದ. ಹುಳು ಸಾಕುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವ ದಿನದವರೆಗೆ ಅವನ ಊಟ, ಸ್ನಾನ, ನೆಂಟರ ಮನೆಗೆ ಹೋಗಿಬರುವುದು ಎಲ್ಲವೂ ಹುಳುವಿನ ಹೊತ್ತು ನೋಡಿಕೊಂಡೇ ನಡೆಯುತ್ತಿತ್ತು.

ಆ ಕಸುಬಿನಲ್ಲಿ ಒಂದು ಮಾತಿದೆ. ಹುಳು ಬೆಳೆದು ದೊಡ್ಡದಾಗುವಷ್ಟರಲ್ಲಿ ನಾಲ್ಕು ಸಲ ಎಲೆ ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ನಿದ್ದೆ ಮಾಡುತ್ತದೆ. ಇದನ್ನು ಜ್ವರ ಎನ್ನುತ್ತಾರೆ. ಕಾಯಿಲೆಯೇನಲ್ಲ, ಹೆಸರಷ್ಟೇ ಜ್ವರ. ತಿಂದು ತಿಂದು ಹುಳುವಿನ ಮೈ ಅದರ ಚರ್ಮದೊಳಗೆ ಹಿಡಿಸದಂತಾಗಿರುತ್ತದೆ. ಆ ನಿದ್ದೆಯಲ್ಲೇ ಹಳೆಯ ಚರ್ಮ ಕಳಚಿ ಹೊಸತು ಬರಬೇಕು. ಆಗ ಎಲೆ ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಹುಳುವಿರುವ ತಟ್ಟೆ ಅಲುಗಿಸುವಂತಿಲ್ಲ. ಜ್ವರದ ದಿನ ನಮ್ಮ ಬೆಳೆಗಾರ ಹುಳುಮನೆಯೊಳಗೆ ಕೆಮ್ಮು ಬಂದರೂ ಹೊರಗೆ ಬಂದು ಕೆಮ್ಮುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಓದಿನಲ್ಲಿ ಬಹಳ ಚುರುಕು. ಏಳನೆಯ ವಯಸ್ಸಿಗೇ ಬೀದಿಯವರಿಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದಳು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ತನಗೆ ಬಾರದ ವಿದ್ಯೆ ಮಗಳಿಗೆ ಪೂರ್ತಿ ಬರಲಿ ಎಂಬುದೊಂದೇ ಅವನ ಆಸೆ. ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಅವಸರ ಅತಿಯಾಯಿತು.

ಮಗಳಿಗೆ ಎಂಟು ತುಂಬಿದಾಗ, ಇನ್ನು ಹೊತ್ತು ಹುಟ್ಟುವ ಮೊದಲೇ ಏಳಬೇಕು ಎಂದ. ಹತ್ತು ತುಂಬಿದಾಗ ಅದಕ್ಕಿಂತ ಮೊದಲು. ಹದಿಮೂರಕ್ಕೆ ಬಂದಾಗ ಕೋಳಿ ಕೂಗುವುದನ್ನೂ ಕಾಯಲಿಲ್ಲ, ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ. ಪಾಠ ಎರಡರಷ್ಟಾಯಿತು, ನಿದ್ದೆ ಅರ್ಧವಾಯಿತು. ಹೆಂಡತಿ ತಡೆಯಲು ನೋಡಿದಳು. “ದೊಡ್ಡವಳಾದಳು, ಇನ್ನೂ ತೊಟ್ಟಿಲಲ್ಲಿ ಹಾಕಿ ತೂಗಬೇಕೇನು?” ಎಂದು ಅವಳ ಬಾಯಿ ಮುಚ್ಚಿಸಿದ.

ಹುಡುಗಿ ಎದುರು ಮಾತಾಡುವವಳಲ್ಲ. ಹೇಳಿದ ಹೊತ್ತಿಗೆ ಎದ್ದಳು, ಹೇಳಿದಷ್ಟು ಹೊತ್ತು ಕೂತಳು. ಆದರೆ ಓದಿದ ಸಾಲನ್ನೇ ಮತ್ತೆ ಮತ್ತೆ ಓದತೊಡಗಿದಳು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದರೆ ಸಾಕು, ಕಣ್ಣಲ್ಲಿ ನೀರು. ಒಂದು ದಿನ ಪಕ್ಕದ ಮನೆಯ ಅಜ್ಜಿ ತನ್ನ ಮಗಳ ಊರಿಂದ ಬಂದ ಕಾಗದ ತಂದಳು. ಹುಡುಗಿ ಗಟ್ಟಿಯಾಗಿ ಪೂರ್ತಿ ಓದಿದಳು. “ಏನಂತೆ ತಾಯಿ ಸಮಾಚಾರ?” ಎಂದು ಅಜ್ಜಿ ಕೇಳಿದರೆ ಹೇಳಲು ಬರಲಿಲ್ಲ. ಈಗ ತಾನೇ ಓದಿದ್ದು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಹುಡುಗಿ ಮಂಕಾದಳು ಎಂದು ಬೀದಿಯಲ್ಲಿ ಮಾತಾಯಿತು. ಅಪ್ಪನ ಕಿವಿಗೆ ಅದು ಕಾದ ಎಣ್ಣೆ ಬಿದ್ದಂತಾಯಿತು. “ನಾಳೆಯಿಂದ ಇನ್ನೂ ಒಂದು ಗಳಿಗೆ ಮೊದಲು ಏಳು. ಈ ತಿಂಗಳು ಕಳೆಯುವುದರೊಳಗೆ ಸರಿಹೋಗದಿದ್ದರೆ ಪುಸ್ತಕವೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ,” ಎಂದ. ಅವನು ಹೇಳಿದ ಮಾತು ತಪ್ಪುವವನಲ್ಲ. ಅದು ಹುಡುಗಿಗೂ ಗೊತ್ತಿತ್ತು. ಅವಳು ಹೆದರಿದಳು, ಹೆದರಿಕೆಯಲ್ಲಿ ಇದ್ದಬದ್ದ ನಿದ್ದೆಯೂ ಹಾರಿಹೋಯಿತು.

ಅದೇ ವಾರ ಪಟ್ಟಣದಿಂದ ಒಬ್ಬ ಜವಳಿ ವ್ಯಾಪಾರಿ ಬಂದ. ಮೂವತ್ತು ವರ್ಷ ರೇಷ್ಮೆ ಸೀರೆ ಮಾರಿದವನು, ಹುಳುವನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ನೋಡಬೇಕು ಎಂದ. ಬೆಳೆಗಾರ ಮಧ್ಯಾಹ್ನದ ಊಟ ಮುಗಿಸಿ ಅವನನ್ನು ಹುಳುಮನೆಗೆ ಕರೆದೊಯ್ದ.

ತಟ್ಟೆಯ ತುಂಬ ಹುಳುಗಳು ಸುಮ್ಮನೆ ತಲೆ ಎತ್ತಿ ನಿಂತಿದ್ದವು. “ಏನಯ್ಯಾ ಇದು, ಎಲ್ಲ ಸತ್ತುಹೋದವಾ?” ಎಂದು ವ್ಯಾಪಾರಿ ಅಂಗಡಿಯಲ್ಲಿ ಕೂಗುವ ದನಿಯಲ್ಲೇ ಕೇಳಿದ.

“ಶ್! ಮೆಲ್ಲಗೆ ಮಾತಾಡಿ ಸ್ವಾಮಿ. ನಾಲ್ಕನೇ ಜ್ವರಕ್ಕೆ ಕೂತಿವೆ.” ಬೆಳೆಗಾರ ಪಿಸುಗುಟ್ಟುತ್ತಾ ಎಲ್ಲವನ್ನೂ ವಿವರಿಸಿದ.

ವ್ಯಾಪಾರಿಗೆ ಅದು ಸರಿಕಾಣಲಿಲ್ಲ. “ಎಳೆಯ ಹುಳುವಾದರೆ ಸರಿಯಪ್ಪ. ಇಷ್ಟು ದಪ್ಪ ಆಗಿವೆ, ಇವಕ್ಕೂ ನಿದ್ದೆಯೇ?”

“ಇವಕ್ಕೇ ಹೆಚ್ಚು ಬೇಕು ಸ್ವಾಮಿ. ನಾಲ್ಕರಲ್ಲಿ ಕೊನೇ ಜ್ವರವೇ ಉದ್ದ. ಮುಂದೆ ರೇಷ್ಮೆ ಕಟ್ಟೋದು ಈ ಮೈಯಲ್ಲೇ ಅಲ್ಲವೇ? ದೊಡ್ಡದಾಯಿತು ಅಂತ ಈಗ ಎಬ್ಬಿಸಿದರೆ ಹಳೇ ಚರ್ಮ ಮೈಗೇ ಅಂಟಿಕೊಂಡುಬಿಡುತ್ತೆ. ಆಮೇಲೆ ನೀವು ಎಷ್ಟು ಎಲೆ ಸುರಿದರೂ ತಿನ್ನೋಲ್ಲ.”

ಬೆಳೆಗಾರನಿಗೆ ತನ್ನ ಕಸುಬಿನ ಮಾತು ಹೇಳಿ ಎದೆಯುಬ್ಬಿತ್ತು. ಅದೇ ಹುರುಪಿನಲ್ಲಿ ವ್ಯಾಪಾರಿಯನ್ನು ಕರೆದುಕೊಂಡು ಹೊರಗೆ ಬಂದ. ಜಗಲಿಯಲ್ಲಿ ಮಗಳು ಕಂಬಕ್ಕೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಪುಸ್ತಕ ತೆರೆದೇ ಇತ್ತು. ತಲೆ ಹಿಂದಕ್ಕೆ ವಾಲಿ ಮುಖ ಮೇಲೆದ್ದಿತ್ತು. ಅಲುಗಾಟವಿಲ್ಲ. ಗಾಢ ನಿದ್ದೆ.

ಪರಸ್ಥಳದವನ ಮುಂದೆ ಮಾನ ಹೋಯಿತು ಎನ್ನಿಸಿ ಅಪ್ಪನಿಗೆ ಮೈಯೆಲ್ಲ ಉರಿಯಿತು. ಕೈಕಾಲು ತೊಳೆಯಲು ಇಟ್ಟಿದ್ದ ತಂಬಿಗೆಯನ್ನು ಎತ್ತಿಕೊಂಡ. ಬೊಗಸೆಗೆ ನೀರು ಬಗ್ಗಿಸಿಕೊಂಡು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದು ಅಡ್ಡ ನಿಂತಳು. ತುಟಿಯ ಮೇಲೆ ಬೆರಳಿಟ್ಟಳು.

“ಮೆಲ್ಲಗೆ. ಇವಳೂ ನಾಲ್ಕನೇ ಜ್ವರಕ್ಕೆ ಕೂತವ್ಳೆ.”

ಬೊಗಸೆಯ ನೀರು ಬೆರಳ ಸಂದಿಯಿಂದ ಸೋರಿಹೋಯಿತು. ಅವನು ಮಗಳನ್ನು ನೋಡಿದ. ಯುಗಾದಿಗೆ ಹೊಲಿಸಿದ ಲಂಗ ಪಾದದಿಂದ ಒಂದು ಗೇಣು ಮೇಲೇರಿತ್ತು. ಮಣಿಕಟ್ಟು ರವಿಕೆಯ ತೋಳಿನಿಂದ ಆಚೆ ಬಂದಿತ್ತು. ದಿನಕ್ಕೆ ಹತ್ತು ಸಲ ಹುಳುವಿನ ಉದ್ದ ನೋಡುತ್ತಿದ್ದವನು ಮಗಳು ಇಷ್ಟು ಬೆಳೆದಿರುವುದನ್ನು ಈಗ ಕಂಡ. ಕಣ್ಣಿನ ಸುತ್ತ ಕಪ್ಪು ಕಟ್ಟಿರುವುದನ್ನೂ ಕಂಡ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಹುಳುವಿಗಾದರೆ ಮುಂದೇನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತಲ್ಲ.

ವ್ಯಾಪಾರಿಗೆ ಸನ್ನೆಯಲ್ಲೇ ಕೈಮುಗಿದು ಕಳಿಸಿಕೊಟ್ಟ. ಹೆಂಡತಿ ಮಗಳ ತಲೆಯನ್ನು ಮೆತ್ತಗೆ ಇಳಿಸಿ ಚಾಪೆಯ ಮೇಲೆ ಮಲಗಿಸಿದಳು. ಅವನು ಗೋಣಿತಾಟು ತಂದು ಬಿಸಿಲಿಗೆ ಅಡ್ಡ ಕಟ್ಟಿದ, ಆಮೇಲೆ ಮೆಟ್ಟಿಲ ಮೇಲೆ ಕಾವಲು ಕೂತ. ಬೀದಿಯಲ್ಲಿ ಗಾಡಿ ಬಂದರೆ ಎದ್ದು ಹೋಗಿ ಎತ್ತಿನ ಕೊರಳ ಗೆಜ್ಜೆ ಸದ್ದಾಗದಂತೆ ಹಿಡಿದುಕೊಂಡು ಮನೆ ದಾಟಿಸಿ ಬಂದ. ಜನ ನಕ್ಕರು, ನಗಲಿ ಎಂದುಕೊಂಡ.

ಸಂಜೆಯಾಯಿತು. ಅವನ ತಾಯಿ ದೀಪ ಹಿಡಿದು ಬಂದಳು. “ದೀಪ ಹಚ್ಚೋ ಹೊತ್ತಲ್ಲಿ ಹೆಣ್ಣುಮಗು ಮಲಗಿದರೆ ಮನೆಗೆ ಲಕ್ಷ್ಮಿ ಬರ್ತಾಳೇನೋ? ಎಬ್ಬಿಸೋ!”

“ಬಂದರೆ ಮೆಲ್ಲಗೆ ಕಾಲಿಟ್ಟು ಬರಲಿ ಅವ್ವ,” ಎಂದ ಅವನು.

ಆಮೇಲೆ ಹೆಂಡತಿಗೆ ಹೇಳಿದ. “ನಾಳೆಯಿಂದ ಹೊತ್ತು ಮುಳುಗಿದ ಮೇಲೆ ಪಾಠ ಬೇಡ. ಉಂಡ ಮೇಲೆ ಅವಳ ಕೋಣೆಯ ದೀಪ ಆರಿಸಿಬಿಡು. ದಿನಾ ಒಂದೇ ಹೊತ್ತಿಗೆ ಮಲಗಲಿ. ಬೆಳಗ್ಗೆ ತಾನಾಗಿ ಕಣ್ಣು ಬಿಟ್ಟಾಗ ಏಳಲಿ. ಪುಸ್ತಕ ಎಲ್ಲಿಗೂ ಹೋಗೋಲ್ಲ, ಅಟ್ಟಕ್ಕೂ ಹೋಗೋಲ್ಲ.”

ಹೆಂಡತಿ ಅತ್ತಳು. ಅದೂ ಸದ್ದಿಲ್ಲದೆ. ಹುಡುಗಿ ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಗುರುಮಲ್ಲಯ್ಯ ಕಾದ. ಗುರುಗಳು ಮುಂದುವರಿಸುವಂತೆ ಕಾಣಲಿಲ್ಲ. ಅವನಿಗೆ ತಡೆಯಲಾಗಲಿಲ್ಲ, ಕೂತಲ್ಲೇ ಮುಂದೆ ಸರಿದ.

“ಆಮೇಲೆ ಬುದ್ಧಿ? ಆ ಹುಡುಗಿ ಪಾಠ ಸರಿಯಾಗಿ ಒಪ್ಪಿಸಿದಳೇ?”

ಗುರುಗಳು ದನಿ ತಗ್ಗಿಸಿ ಹೇಳಿದರು. “ಮಗು ಇನ್ನೂ ಮಲಗಿದೆ, ನೀನು ಆಗಲೇ ಎಬ್ಬಿಸಿ ಪಾಠ ಕೇಳುತ್ತಿದ್ದೀಯಲ್ಲ.”