ಕಾಗೆಗಾಗಿ ಕಾದ ಹಿತ್ತಲು

ಪೂಜ್ಯ ಸರಳಾನಂದ ಸ್ವಾಮಿಗಳು ಕಾವೇರಿ ದಂಡೆಯ ಹೆಂಚಿನ ಕುಟೀರವೊಂದರಲ್ಲಿ ವಾಸವಾಗಿದ್ದರು. ಬೆಳಗಿನ ಅನುಷ್ಠಾನ ಮುಗಿಸಿದೊಡನೆ ಶ್ರೀಗಳವರು ಹಿತ್ತಲಿಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಕ್ಕಿನುಚ್ಚು ಚೆಲ್ಲಿ, ಒಡೆದ ಮಡಕೆಯಲ್ಲಿ ನೀರಿಟ್ಟು, ಸುಮ್ಮನೆ ಕುಳಿತುಬಿಡುತ್ತಿದ್ದರು. ಗೊರವಂಕ, ಗುಬ್ಬಿ, ಅಳಿಲು, ಯಾವುದು ಬಂದರೂ ಅವರ ಮುಖ ಅರಳುತ್ತಿತ್ತು. ಇದೆಲ್ಲ ತಪಸ್ಸಿನ ಪ್ರಭಾವವೆಂದು ನಾವು ಭಕ್ತರು ಕೈಮುಗಿದರೆ, "ನುಚ್ಚಿನ ಪ್ರಭಾವ" ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಹಿತ್ತಲ ಬೇಲಿಯಾಚೆ ಮರಗೆಲಸದ ಶೇಷಾಚಾರಿ ಬಂದು ನಿಂತನು. ಸೂತಕದಲ್ಲಿದ್ದುದರಿಂದ ಮುಂಬಾಗಿಲಿಗೆ ಬರುವಂತಿರಲಿಲ್ಲ. ಅಂದು ಅವನ ತಂದೆ ತೀರಿಕೊಂಡ ಹತ್ತನೆಯ ದಿನ. ಹೊಳೆಯ ದಡದಲ್ಲಿ ಪಿಂಡವಿಟ್ಟು ಬೆಳಗಿನಿಂದ ಕಾದರೂ ಒಂದು ಕಾಗೆಯೂ ಅದನ್ನು ಮುಟ್ಟಿರಲಿಲ್ಲ. ಪುರೋಹಿತರು ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿದ್ದನ್ನು ತಾಯಿ ಕನಕಮ್ಮ ಒಪ್ಪಲಿಲ್ಲ. ನಿಜವಾದ ಕಾಗೆ ಮುಟ್ಟುವ ತನಕ ಬಾಯಿಗೆ ಹನಿ ನೀರೂ ಹಾಕುವುದಿಲ್ಲವೆಂದು ಹಟ ಹಿಡಿದ ಆ ಮುದುಕಿ, ಮಗನ ತೋಳಿಗೆ ಜೋತುಬಿದ್ದು ಬಂದಿದ್ದಳು.

"ಅಪ್ಪನಿಗೆ ಏನು ಕಮ್ಮಿ ಮಾಡಿದೆನೋ ಗೊತ್ತಾಗ್ತಿಲ್ಲ ಬುದ್ಧಿ. ತಾವು ಕರೆದ್ರೆ ಕಾಗೆ ಬರುತ್ತಂತೆ. ಅವ್ವನ ಜೀವ ಉಳಿಸಿಕೊಡಿ."

ಶ್ರೀಗಳವರು ಬೇಲಿಯ ಪಡಿ ಸರಿಸಿ, ಕಲ್ಲನ್ನು ತೋರಿಸಿದರು.

ಶೇಷಾಚಾರಿ ಹೊಳೆಯ ದಡದಿಂದ ತಂದಿದ್ದ ಪಿಂಡವನ್ನು ಅದರ ಮೇಲಿಟ್ಟು ಕೋಲು ಹಿಡಿದು ಕಾವಲಿಗೆ ನಿಂತನು. ಬೇರೆ ಹಕ್ಕಿ ಎಂಜಲು ಮಾಡಿದರೆ ಅಪ್ಪನಿಗೆ ಸಲ್ಲಲಾರದೆಂಬ ಹೆದರಿಕೆ ಅವನಿಗೆ. ಗೊರವಂಕ ಇಳಿದರೆ ಓಡಿಸಿದ, ಅಳಿಲು ಬಂದರೆ ಅಟ್ಟಿದ. ತೆಂಗಿನ ಗರಿಯ ಮೇಲೆ ಕಾಗೆಯೊಂದು ಕುಳಿತೇ ಇತ್ತು, ಇಳಿಯಲೊಲ್ಲದು. "ಬಾರಪ್ಪಾ! ತಂಗೀನ ಕೈಬಿಡಲ್ಲ. ನಿನ್ನ ಉಳಿ, ಬಾಚಿ ಯಾರಿಗೂ ಕೊಡಲ್ಲ" ಎಂದು ತೋಚಿದ ಮಾತನ್ನೆಲ್ಲ ಕೊಟ್ಟ. ಕಾಗೆ ಕತ್ತು ಓರೆಮಾಡಿ ನೋಡಿತು, ಅಷ್ಟೆ. ಇನ್ನೇನು ಮಾತು ಕೊಡಬೇಕೋ ತಿಳಿಯದೆ ಅವನ ತಲೆ ಕೆಟ್ಟುಹೋಯಿತು.

ಆಗ ಶ್ರೀಗಳವರು ಮೆಲ್ಲನೆ ಕೇಳಿದರು: "ಹಸಿದು ಬಂದವರನ್ನೆಲ್ಲ ಓಡಿಸಿ ಯಾರನ್ನು ಕರೆಯುತ್ತಿದ್ದೀಯಪ್ಪಾ?"

ಕೋಲು ಕೈಜಾರಿತು. ಅದನ್ನೇ ಕಾದಿದ್ದವೋ ಎಂಬಂತೆ ಹರಟೆಮಲ್ಲ ಹಕ್ಕಿಗಳ ಹಿಂಡೊಂದು ಕಚಪಚ ಗದ್ದಲ ಮಾಡುತ್ತ ಕಲ್ಲಿನ ಮೇಲೆ ಇಳಿಯಿತು. ಒಂದರ ಕೊಕ್ಕಿನ ಅಗುಳನ್ನು ಇನ್ನೊಂದು ಕಿತ್ತುಕೊಂಡು, ಪಿಂಡವನ್ನು ಚೆಲ್ಲಾಪಿಲ್ಲಿ ಮಾಡಿಬಿಟ್ಟವು. ಶೇಷಾಚಾರಿಗೆ ಅಳಬೇಕೋ ಕೈಮುಗಿಯಬೇಕೋ ತೋಚಲಿಲ್ಲ.

"ಇದೇನಾಯ್ತು ಬುದ್ಧಿ? ಅಪ್ಪ ಬಂದ್ರೋ ಇಲ್ವೋ?"

"ತಾಯಿಯನ್ನು ಕೇಳು" ಎಂದರು ಶ್ರೀಗಳವರು.

ಅವನು ತಿರುಗಿ ನೋಡಿದ. ಕನಕಮ್ಮ ನಗುತ್ತಿದ್ದಳು, ಕಣ್ಣೀರು ಕೆನ್ನೆಗಿಳಿದಿತ್ತು. "ನಿಮ್ಮಪ್ಪ ಯಾವತ್ತಾದ್ರೂ ಒಬ್ರೇ ಉಂಡಿದ್ದು ಕಂಡಿದ್ದೀಯೇನೋ? ಮರ ಕುಯ್ಯೋರು, ಬಳೆ ಮಾರೋರು, ದಾರೀಲಿ ಹೋಗೋರು, ಎಲ್ರೂ ಪಕ್ಕದಲ್ಲಿ ಕೂತು ಹಿಂಗೇ ಗಲಾಟೆ ಮಾಡಿದ್ರೇನೇ ಅವರಿಗೆ ಗಂಟಲಲ್ಲಿ ಅನ್ನ ಇಳೀತಿದ್ದದ್ದು."

ಶ್ರೀಗಳವರು ಒಳಗಿನಿಂದ ತಮ್ಮ ಪಾಲಿನ ಗಂಜಿಯನ್ನು ತಾವೇ ತಂದು ಮುಂದಿಟ್ಟರು. ಆ ತಾಯಿ ಎರಡೂ ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡಳು.

ಈಗ ಶೇಷಾಚಾರಿಯ ಹಿತ್ತಲಲ್ಲೂ ನುಚ್ಚು ಚೆಲ್ಲಿದ ಕಲ್ಲೊಂದಿದೆ. ಯಾವ ಹಕ್ಕಿಗೂ ಅಲ್ಲಿ ತಡೆಯಿಲ್ಲ. ತಂದೆ ಯಾವ ಹಕ್ಕಿಯಾಗಿ ಬಂದರೆಂಬ ಗೊಂದಲ ಅವನಿಗೆ ಇಂದಿಗೂ ಬಗೆಹರಿದಿಲ್ಲ. ಕೊನೆಗೆ ಆ ಕಾಗೆ ಇಳಿಯಿತೇ ಎಂದು ಯಾರಾದರೂ ಕೇಳಿದರೆ ಶ್ರೀಗಳವರನ್ನು ನೆನೆದು ಕೈಮುಗಿಯುತ್ತಾನೆ.

"ನಾನು ನೋಡ್ಲಿಲ್ಲ ಸ್ವಾಮಿ. ಅವ್ವ ಉಣ್ತಿದ್ಲು."