ಕೆಂಚಿಯ ಕಂಬಳಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ಮಂಜು ಗುಡ್ಡದಿಂದ ಇಳಿದು ಬಂದು ಜನರ ಮನೆಯೊಳಗೇ ಮಲಗಿ ಹೋಗ್ತಿದ್ದ ಕಾಲದಲ್ಲಿ, ಮಾಳಿಂಗ ಅಂತ ಒಬ್ಬ ಕಂಬಳಿ ನೇಯೋನು ಇದ್ನಂತೆ. ಹೆಂಡತಿ ಒಂದು ಕೂಸನ್ನ ಕೈಗಿಟ್ಟು ತೀರ್ಕೊಂಡಿದ್ಲು. ಕೂಸಿನ ಹೆಸರು ಕೆಂಚಿ. ತಾಯಿಲ್ಲದ ಮಗು, ಅದಕ್ಕೆ ತಲೆಯಿಂದ ಪಾದದವರೆಗೂ ಮುಚ್ಚೋ ಅಂಥ ಕಂಬಳಿ ನೇಯ್ಬೇಕು, ಅದು ಜನ್ಮಕ್ಕೆಲ್ಲ ಆಗ್ಬೇಕು ಅಂತ ಅವನ ಆಸೆ.

ಸರಿ, ಕರೀ ಉಣ್ಣೆ ನೂತು, ಎಳೆ ಗಟ್ಟಿಯಾಗ್ಲಿ ಅಂತ ಹುಣಸೆಬೀಜದ ಗಂಜಿ ಬಳಿದು, ಮಗ್ಗಕ್ಕೇರಿಸಿ, ನೇಯ್ತಾ ಕೂತ್ನಂತೆ. ಆಮೇಲೆ ಮುಗಿಸಿ ಹೊದಿಸಿ ನೋಡ್ತಾನೆ, ಅಷ್ಟರಲ್ಲಿ ಕೂಸು ಬೆಳೆದುಬಿಟ್ಟಿದೆ, ಪಾದ ಎರಡೂ ಹೊರಗೆ ಇಣುಕ್ತಿವೆ. ಥೂ ಇದಲ್ಲ ಅಂತ ಎಳೆ ಎಳೆ ಬಿಚ್ಚಿ ಮತ್ತೆ ನೇಯ್ದ, ಆಗಲೂ ಪಾದ ಹೊರಗೇ. ಕೊಡಬಾರದಿತ್ತಾ ಹುಚ್ಚಪ್ಪ, ಇದ್ದಷ್ಟು ಬೆಚ್ಚಗಾಗ್ತಿತ್ತು. ಕೊಡಲಿಲ್ಲ. ಮತ್ತೆ ಬಿಚ್ಚಿದ. ಕೆಂಚಿ ಗೋಣಿಚೀಲ ಹೊದ್ಕೊಂಡು ಮಲಗ್ತಿದ್ಲಂತೆ.

ಆಮೇಲೆ ಮೂರನೇ ಸಲ ಹಟ ಹಿಡಿದ. ಅವಳು ಮದುವೆಯಾಗಿ, ಮುದುಕಿಯಾದ್ರೂ ಸಾಕಾಗೋ ಹಾಗೆ ನೇಯ್ತೀನಿ ಅಂದ್ನಂತೆ. ಅದೇನು ಬೇಗ ಮುಗಿಯುತ್ತಾ? ಚಳಿ ಬಂತು, ಮಗುವಿಗೆ ಕೆಮ್ಮು ಹತ್ತಿ ಎದೆಗಿಳೀತು. ಇದೂ ತಾಯಿ ದಾರಿ ಹಿಡಿದುಬಿಟ್ರೆ ಅಂತ ಅವನಿಗೆ ಪ್ರಾಣಭಯ, ಆ ಭಯಕ್ಕೆ ಇನ್ನೂ ಬಿರಬಿರನೆ ನೇಯ್ತಾನೆ, ಅವಳ ಕಡೆ ತಿರುಗಿ ನೋಡೋಕೂ ಪುರುಸೊತ್ತಿಲ್ಲ.

ಒಂದು ಬೆಳಗ್ಗೆ ಎದ್ದು ನೋಡಿದ್ರೆ ಗೋಣಿಚೀಲ ಇದೆ, ಕೆಂಚಿ ಇಲ್ಲ. ಹುಡುಕಿದ್ರೆ ಮಗ್ಗದ ಬುಡದಲ್ಲಿ ಮುದುರ್ಕೊಂಡಿದಾಳೆ, ಅರ್ಧ ನೇಯ್ದು ಮಗ್ಗದಲ್ಲೇ ಸಡಿಲ ಬಿಟ್ಟಿದ್ದ ಕಂಬಳಿಯನ್ನೇ ಮೈಮೇಲೆ ಎಳ್ಕೊಂಡಿದಾಳೆ. ಏಳು ಮಗಾ, ಅದಿನ್ನೂ ಆಗಿಲ್ಲ, ನಿನ್ನ ಕಾಲೆಲ್ಲ ಹೊರಗಿದೆ ಅಂದ್ನಂತೆ. ಅವಳು ಕಣ್ಣು ಬಿಡದೇನೇ, ಕಾಲು ಮಡಚ್ಕೋತೀನಿ ಅಪ್ಪ, ಭಾಳ ಬೆಚ್ಚಗಿದೆ ಅಂದ್ಲಂತೆ.

ಮಾಳಿಂಗ ಕುಡುಗೋಲು ತಂದು ಮಗ್ಗದ ಎಳೆಗಳನ್ನ ಕೊಯ್ದುಬಿಟ್ಟು, ಆ ಅರ್ಧ ಕಂಬಳಿನೇ ಅವಳ ಸುತ್ತ ಒತ್ತಿ ಒತ್ತಿ ಹೊದಿಸಿ, ಹೊರಗುಳಿದ ಪಾದಗಳನ್ನ ತೊಡೆ ಮೇಲಿಟ್ಕೊಂಡು ಎರಡೂ ಕೈಲಿ ಮುಚ್ಚಿದ್ನಂತೆ. ಅಲ್ಲೀತನಕ ಆ ಪಾದಗಳನ್ನ ಅಳೆದಿದ್ನೇ ಹೊರತು ಹಿಡಿದಿರಲೇ ಇಲ್ಲ. ಇಷ್ಟು ಪುಟ್ಟದಾಗಿ ಇವು ಇನ್ನೆಷ್ಟು ದಿನ ಇರ್ತವೆ ಅನ್ನಿಸಿ ಕಣ್ತುಂಬ್ಕೊಂಡು ಅತ್ನಂತೆ. ಮಂಜು ಎದ್ದು ಬಾಗಿಲು ದಾಟಿ ಹೋಯ್ತು, ಬಿಸಿಲು ಒಳಗೆ ಬಂತು, ಅವನು ಮಾತ್ರ ಏಳಲಿಲ್ಲ.

ಆಮೇಲೆ ಕೆಮ್ಮು ವಾಸಿಯಾಯ್ತು, ಕೆಂಚಿ ಬೆಳೀತಾನೇ ಹೋದ್ಲು. ಕಂಬಳಿ ಮೊಣಕಾಲಿಗೇ ನಿಲ್ತಿತ್ತಂತೆ, ಉಳಿದಿದ್ದಕ್ಕೆ ಅಪ್ಪನ ತೊಡೆ ಇತ್ತಂತೆ. ಕತೆ ಮುಗೀತು, ಇನ್ನು ನಿದ್ದೆದೇ ಕಾರುಬಾರು.