ಹಲಗೆಯ ಮೇಲೆ ಎಳೆದ ತಂತಿ

"ಗುರುಗಳೇ, ತಿಳಿಯದೆ ಮಾಡಿದ ತಪ್ಪಿಗೆ ಪಾಪ ಅಂಟುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಒಮ್ಮೆ ನೋಡಿದರು. "ಈ ಪ್ರಶ್ನೆ ಕೇಳುವವರಲ್ಲಿ ಉತ್ತರ ಬೇಕಾದವರು ಕಡಿಮೆ. 'ಇಲ್ಲಪ್ಪ, ಅಂಟುವುದಿಲ್ಲ' ಎಂದು ಯಾರಾದರೂ ಹೇಳಲಿ ಎಂದು ಕಾಯುವವರೇ ಹೆಚ್ಚು. ಇರಲಿ, ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ಒಬ್ಬ ವೈರ್‌ಮನ್ ಇದ್ದ. ಫಾಲ್ಸ್ ಸೀಲಿಂಗಿನ ಮೇಲೆ ಕೇಬಲ್ ಎಳೆಯುವುದರಲ್ಲಿ ಅವನದು ಎತ್ತಿದ ಕೈ. ಈಗಿನ ಕಟ್ಟಡಗಳಲ್ಲಿ ತಲೆ ಎತ್ತಿದರೆ ಕಾಣುವುದು ನಿಜವಾದ ತಾರಸಿಯಲ್ಲ. ಅದರಿಂದ ಮೊಳದಷ್ಟು ಕೆಳಗೆ ಪಟ್ಟಿಗಳನ್ನು ಇಳಿಬಿಟ್ಟು, ಅವುಗಳಲ್ಲಿ ಹಗುರವಾದ ಹಲಗೆಗಳನ್ನು ಕೂರಿಸಿರುತ್ತಾರೆ. ಕೆಳಗಿನಿಂದ ನೋಡಿದರೆ ಬೆಳ್ಳಗೆ, ಚೊಕ್ಕಟ. ಮೇಲೆ ನೋಡಿದರೆ ಧೂಳು, ಜೇಡರ ಬಲೆ, ನೂರು ತಂತಿಗಳು. ನಮ್ಮ ಮನಸ್ಸಿನ ಹಾಗೆ ಎಂದು ಹೇಳಬಹುದಿತ್ತು, ಆದರೆ ಅಷ್ಟು ಸುಲಭದ ಉಪದೇಶ ನನಗೆ ಬೇಡ.

ಆ ಹಲಗೆಗಳ ಮೇಲೆ ಮನುಷ್ಯ ಹತ್ತುವಂತಿಲ್ಲ, ಮುರಿದು ಬೀಳುತ್ತವೆ. ಆದ್ದರಿಂದ ಆ ಕೆಲಸಕ್ಕೆ ಒಂದು ಕ್ರಮವಿದೆ. ಈ ತುದಿಯಲ್ಲಿ ಒಂದು ಹಲಗೆ ಎತ್ತಬೇಕು, ಆ ತುದಿಯಲ್ಲಿ ಒಂದು. ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿ ಈ ಕಡೆಯಿಂದ ಆ ಕಡೆಗೆ ಎಸೆಯಬೇಕು. ದಾರದ ತುದಿಗೆ ಕೇಬಲ್ ಕಟ್ಟಿ, ಗಂಟು ಎಲ್ಲಿಯೂ ತೊಡರಿಕೊಳ್ಳದಂತೆ ಟೇಪು ಸುತ್ತಿ ನುಣುಪು ಮಾಡಬೇಕು. ಆಮೇಲೆ ಆ ಕಡೆ ನಿಂತು ಮೆಲ್ಲಗೆ ಎಳೆಯಬೇಕು. ಬಂದ ಕೇಬಲ್ಲನ್ನು ಹಲಗೆಯ ಮೇಲೆ ಚೆಲ್ಲದೆ ತಾರಸಿಯ ಕೊಕ್ಕೆಗಳಿಗೆ ತೂಗುಹಾಕಬೇಕು.

ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಇನ್ನೂ ಒಂದು ಮಾತು ಹೇಳಿದ್ದ. "ಎಳೀವಾಗ ಎಲ್ಲಾದ್ರೂ ಹಿಡ್ಕೊಂಡ್ರೆ ಎಳೀಬೇಡ ಕಣೋ. ಕೆಳಗಿಳಿ. ಹಿಡ್ಕೊಂಡಿರೋ ಜಾಗಕ್ಕೆ ಏಣಿ ಹಾಕಿ, ಹಲಗೆ ಎತ್ತಿ ನೋಡು." ವೈರ್‌ಮನ್ ಇಪ್ಪತ್ತು ವರ್ಷ ಹಾಗೆಯೇ ಮಾಡಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಆ ಗಾದೆ ಇವನಿಗೆ ಸಲ್ಲದು. ಇವನು ಆತುರಗಾರನಾಗಿರಲಿಲ್ಲ.

ಒಂದು ಬೆಳಿಗ್ಗೆ ಡಾಕ್ಟರು ಅವನನ್ನು ಕರೆಸಿದರು. ಹೆರಿಗೆಯ ಆಪರೇಷನ್ ಆಗುತ್ತಿದ್ದ ಒಬ್ಬ ಹೆಂಗಸಿನ ಸ್ಥಿತಿ ಕೆಟ್ಟಿತ್ತು. ಅವಳನ್ನು ಆರನೆಯ ಕೋಣೆಗೆ ತರುವವರಿದ್ದರು. ಎದೆಬಡಿತ ನೋಡುವ ಯಂತ್ರ ಆ ಕೋಣೆಯಲ್ಲಿತ್ತು. ಅಪಾಯವಾದರೆ ಅದು ನರ್ಸುಗಳ ಮೇಜಿನಲ್ಲಿ ಕೂಗಬೇಕು. ಆದರೆ ಕೋಣೆಯಿಂದ ಮೇಜಿಗೆ ಹೋಗುವ ಕೇಬಲ್ಲನ್ನು ಇಲಿ ಕಡಿದು ಹಾಕಿತ್ತು.

"ಅರ್ಧ ಗಂಟೆಲಿ ಹೊಸದು ಎಳೆಯೋಕೆ ಆಗುತ್ತಾ?" ಎಂದು ಡಾಕ್ಟರು ಕೇಳಿದರು.

"ಆಗುತ್ತೆ ಸಾರ್" ಎಂದು ಅವನು ಏಣಿ ಎತ್ತಿಕೊಂಡ.

ಕೋಣೆಗಳ ನಡುವಿನ ಗೋಡೆಗಳು ಹಲಗೆಯ ಮಟ್ಟದಲ್ಲೇ ನಿಂತಿದ್ದವು, ಅದರ ಮೇಲೆ ಎಲ್ಲ ಕೋಣೆಗಳಿಗೂ ಒಂದೇ ಬಯಲು. ಕೇಬಲ್ ನಾಲ್ಕನೆಯ ಕೋಣೆಯ ಮೇಲೆ ಹಾದುಹೋಗಬೇಕಿತ್ತು. ಆ ಕೋಣೆಯಲ್ಲಿ ಉಬ್ಬಸದ ಒಬ್ಬ ಅಜ್ಜಿ ಇದ್ದಳು. ಮೂರು ದಿನ ಉಸಿರಿಗೆ ಒದ್ದಾಡಿ, ಆಗಷ್ಟೇ ಅವಳ ಕಣ್ಣು ಹತ್ತಿತ್ತು. ಅವಳ ಕೈಯ ಹತ್ತಿರ ಬೆಲ್ಲಿನ ಗುಂಡಿ ಇತ್ತು. ಅದನ್ನು ಒತ್ತಿದರೆ ನರ್ಸುಗಳ ಮೇಜಿನಲ್ಲಿ ದೀಪ ಹತ್ತಿ ಗಂಟೆ ಬಾರಿಸುತ್ತಿತ್ತು. ಮೂರು ದಿನದಿಂದ ತಾಯಿಯ ಮಗ್ಗುಲು ಬಿಡದ ಮಗಳಿಗೆ ನರ್ಸು, "ಬೆಲ್ ಇದೆಯಲ್ಲಮ್ಮ, ನಾವಿಲ್ಲೇ ಇದ್ದೀವಿ. ನೀವು ಮನೆಗೆ ಹೋಗಿ ಸ್ನಾನ ಮಾಡಿ, ಒಂದಿಷ್ಟು ಗಂಜಿ ಕಾಯಿಸ್ಕೊಂಡು ಬನ್ನಿ" ಎಂದು ಒತ್ತಾಯ ಮಾಡಿ ಕಳಿಸಿದ್ದಳು.

ವೈರ್‌ಮನ್ ದಾರ ಎಸೆದ. ಕೇಬಲ್ ಕಟ್ಟಿದ. ಟೇಪನ್ನು ಹತ್ತು ಸುತ್ತು ಸುತ್ತುವವನು ಅಂದು ಎರಡು ಸುತ್ತಿದ. ಗಂಟು ಉಬ್ಬಿಕೊಂಡೇ ಇತ್ತು. ಮೇಜಿನ ಕಡೆಯ ಏಣಿ ಹತ್ತಿ ಎಳೆಯತೊಡಗಿದ. ಇಪ್ಪತ್ತು ಅಡಿ ಸಲೀಸಾಗಿ ಬಂತು. ಆಮೇಲೆ ಹಿಡಿದುಕೊಂಡಿತು.

ಸಡಿಲ ಬಿಟ್ಟು ಎಳೆದ. ಮತ್ತೆ ಹಿಡಿದುಕೊಂಡಿತು. ಉಳಿದ ಉದ್ದವನ್ನು ಲೆಕ್ಕ ಹಾಕಿದ. ತೊಡರಿದ್ದು ನಾಲ್ಕನೆಯ ಕೋಣೆಯ ಮೇಲೆ. ಇಳಿದು ಹೋಗಿ ಬಾಗಿಲು ಸರಿಸಿ ನೋಡಿದ. ಅಜ್ಜಿ ನಿದ್ದೆಯಲ್ಲಿದ್ದಳು. ಹಲಗೆ ಎತ್ತಿದರೆ ಧೂಳೆಲ್ಲ ಅವಳ ಮುಖದ ಮೇಲೆ ಸುರಿಯುತ್ತದೆ, ಅದೂ ಉಬ್ಬಸದವಳ ಮೇಲೆ. ಮಂಚ ಸರಿಸಬೇಕು. ಸರಿಸಲು ಇಬ್ಬರನ್ನು ಕರೆಯಬೇಕು. ಅಷ್ಟರಲ್ಲಿ ಆಪರೇಷನ್ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಗಾಲಿಮಂಚ ಹೊರಟಿತ್ತು.

"ಏನಪ್ಪಾ, ಆಯ್ತಾ?" ಎಂದು ಡಾಕ್ಟರು ಅಲ್ಲಿಂದಲೇ ಕೂಗಿದರು.

ಅವನ ಮುಂದೆ ಎರಡು ಕಾರಣಗಳಿದ್ದವು, ಎರಡೂ ಒಳ್ಳೆಯವೇ. ಒಂದು, ಬಾಣಂತಿಯ ಜೀವ. ಇನ್ನೊಂದು, ಮುದುಕಿಯ ನಿದ್ದೆ. ಕೆಟ್ಟ ಕಾರಣಕ್ಕೆ ಮನುಷ್ಯ ಹೆದರಿ ಒಂದು ಗಳಿಗೆ ನಿಲ್ಲುತ್ತಾನೆ. ಒಳ್ಳೆಯ ಕಾರಣವಿದ್ದರೆ ನಿಲ್ಲುವುದೇ ಇಲ್ಲ. ನನಗೆ ಭಯ ಇಂಥ ಕಾರಣಗಳದೇ.

ಅವನು ಏಣಿಗೆ ಮರಳಿದ. ದಾರವನ್ನು ಅಂಗೈಗೆ ಸುತ್ತಿಕೊಂಡು ಎಳೆದ. ಬರಲಿಲ್ಲ. ಹಲ್ಲು ಕಚ್ಚಿ ಇನ್ನಷ್ಟು ಬಲ ಹಾಕಿದ. ದಾರದ ಆ ತುದಿಯಲ್ಲಿ ಏನೋ ಒಂದು ಚಿಕ್ಕದು ಕುಲುಕಿ, ಕಿತ್ತುಬಂದು, ಬಿಟ್ಟುಕೊಟ್ಟಿತು. ಅದರ ಹಿಂದೆಯೇ ಕೇಬಲ್ ಹಗುರವಾಗಿ ಬಂತು.

"ಬಂತು!" ಎಂದು ಅವನು ಕೂಗಿದ.

ಗಾಲಿಮಂಚ ಆರನೆಯ ಕೋಣೆ ಸೇರುವ ಹೊತ್ತಿಗೆ ಯಂತ್ರ ಕೆಲಸ ಮಾಡುತ್ತಿತ್ತು. ಹತ್ತೇ ನಿಮಿಷದಲ್ಲಿ ಅದು ಮೇಜಿನಲ್ಲಿ ಕೂಗಿತು. ನರ್ಸುಗಳು ಓಡಿದರು, ಡಾಕ್ಟರು ಓಡಿದರು. ಬಾಣಂತಿ ಉಳಿದಳು. "ನೀನಿಲ್ದೇ ಇದ್ದಿದ್ರೆ ಇವತ್ತು ಆ ಮಗು ತಬ್ಬಲಿ ಆಗ್ತಿತ್ತು" ಎಂದು ಡಾಕ್ಟರು ಅವನ ಬೆನ್ನು ತಟ್ಟಿದರು. ಮಾತು ಸುಳ್ಳಲ್ಲ.

ನರ್ಸು ಅವನನ್ನು ಮೇಜಿನ ಹತ್ತಿರ ಕೂರಿಸಿ ಕಾಫಿ ಕೊಟ್ಟಳು. ಎದುರಿಗೆ ಒಂದೊಂದು ಕೋಣೆಗೆ ಒಂದೊಂದು ದೀಪವಿದ್ದ ಫಲಕ. ಅವಳು ಅದನ್ನು ನೋಡಿ ನಕ್ಕಳು. "ನಾಲ್ಕನೇ ರೂಮಿನ ಅಜ್ಜಿ ದಿನಾ ಇಷ್ಟೊತ್ತಿಗೆ ಹತ್ತು ಸಲ ಕರೀತಿದ್ರು. ಇವತ್ತು ಒಂದು ಸಲಾನೂ ಇಲ್ಲ. ಪಾಪ, ಈಗಲಾದ್ರೂ ನಿದ್ದೆ ಬಂತಲ್ಲ."

ಲೋಟ ಅವನ ಬಾಯಿಯ ಹತ್ತಿರ ನಿಂತಿತು. ಅವನು ನಾಲ್ಕನೆಯ ಕೋಣೆಯ ಬಾಗಿಲು ನೋಡಿದ. ಅದು ಮುಚ್ಚಿತ್ತು. ಏನಾದರೂ ಹೇಳಬೇಕೆನಿಸಿತು. ಏನೆಂದು ಹೇಳುವುದು? ಎಲ್ಲರೂ ಹೊಗಳುತ್ತಿರುವಾಗ ಮತ್ತೆ ಏಣಿ ಹಾಕುತ್ತೇನೆ ಎನ್ನುವುದೇ? ನಿದ್ದೆ ಹೋದವರನ್ನು ಎಬ್ಬಿಸಿ ಬೆಲ್ ಒತ್ತಿಸುವುದೇ? ಏನೂ ಆಗಿರಲಿಕ್ಕಿಲ್ಲ ಎಂದುಕೊಂಡ. ಕಾಫಿ ಕುಡಿದು ಮುಗಿಸಿದ. ಲೋಟವನ್ನು ತಾನೇ ತೊಳೆದಿಟ್ಟ.

ಆ ಬಾಗಿಲಿನ ಆಚೆ ಅಜ್ಜಿ ಎಚ್ಚರವಾಗಿದ್ದಳು. ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತ್ತು. ಕೂಗಲು ದನಿಯಿರಲಿಲ್ಲ. ಅವಳು ಗುಂಡಿ ಒತ್ತಿದಳು. ಪ್ರತಿಸಲವೂ ಯಾರಾದರೂ ಬಂದಿದ್ದರು, ಈಗಲೂ ಬರುತ್ತಾರೆ ಎಂದು ಒತ್ತಿದಳು. ನರ್ಸು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದಳು. ಅವಳ ಮಾತು, ಅವಳ ನಗು ಅಜ್ಜಿಗೆ ಕೇಳಿಸುತ್ತಿತ್ತು. ಮತ್ತೆ ಒತ್ತಿದಳು.

ಮಗಳು ಗಂಜಿಯ ಪಾತ್ರೆ ಹಿಡಿದು ಬಂದು ಬಾಗಿಲು ತೆರೆದಾಗ ಮೈ ಇನ್ನೂ ಬಿಸಿಯಾಗಿತ್ತು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು.

ಆಮೇಲೆ ಹಲಗೆ ಎತ್ತಿ ನೋಡಿದರು. ಹಿಂದೆ ಯಾರೋ ಬೆಲ್ಲಿನ ತಂತಿಯನ್ನು ಕೊಕ್ಕೆಗೆ ಹಾಕದೆ ಹಲಗೆಯ ಮೇಲೆಯೇ ಚೆಲ್ಲಿ ಹೋಗಿದ್ದರು. ನಡುವೆ ಒಂದು ಜೋಡಣೆ. ಕೇಬಲ್ಲಿನ ಉಬ್ಬಿದ ಗಂಟು ಅದಕ್ಕೆ ಸಿಕ್ಕಿ, ಅದನ್ನು ಕಿತ್ತು ಹಾಕಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪಾಗಿತ್ತು.

"ಇದು ಅನ್ಯಾಯ ಗುರುಗಳೇ. ತಂತಿಯನ್ನು ಹಾಗೆ ಚೆಲ್ಲಿ ಹೋದವನದು ಮೊದಲ ತಪ್ಪು."

"ಅವನ ಪಾಲು ಅವನಿಗಿದೆ. ಅದನ್ನು ಯಾರೂ ಇವನ ತಲೆಗೆ ಕಟ್ಟುವುದಿಲ್ಲ."

"ಇವನು ಒಂದು ಜೀವ ಉಳಿಸಿದ. ಹಲಗೆಯ ಮೇಲೆ ನಡೆದದ್ದು ಇವನ ಕಣ್ಣಿಗೆ ಕಾಣಲಿಲ್ಲ. ಯಾರೂ ಇವನಿಗೆ ಹೇಳಲಿಲ್ಲ. ಪಾಪ, ಇವನಿಗೆ ಹೇಗೆ ಗೊತ್ತಾಗಬೇಕಿತ್ತು?"

ಗುರುಗಳು ಹೇಳಿದರು: "ಕೈಗೆ ಗೊತ್ತಾಗಿತ್ತು."